ಮೇಯೋ

ಮಾರ್ಚ್ ಬಂತೆಂದರೆ ಮನಾಮದಲ್ಲಿ ಹಸಿರು ಬಟ್ಟೆಗೆ ಬರ.
ಇಪ್ಪತ್ತಮೂರಕ್ಕೆ ಪಾಕಿಸ್ತಾನಿ ಶಾಲೆಯ ಮಕ್ಕಳ ದಿನ,
ಅವರದು ಗಾಢ ಹಸಿರು, ಮುಂಗಡ ಕೊಟ್ಟು ಹೋದವರು.
ಹದಿನೇಳಕ್ಕೆ ಇವರದು.
ಇವರ ಹಸಿರು ಯಾವುದೆಂದು ಇವರಿಗೇ ಗೊತ್ತಿಲ್ಲ:
ಒಬ್ಬಳು ವೀಳ್ಯದೆಲೆ ಬಣ್ಣದ ಥಾನಿಗೆ ಬೆರಳಿಟ್ಟರೆ
ಇನ್ನೊಬ್ಬ ಗಿಳಿಹಸಿರು ಹಿಡಿದು ಬಿಡುವುದಿಲ್ಲ.

ಇಪ್ಪತ್ತೆರಡು ವರ್ಷ ಈ ಗಲ್ಲಿಯಲ್ಲಿ.
ಬೋರ್ಡಿನ ಮೇಲಿನ ಹೆಸರು ಅರಬನದು, ಬಾಡಿಗೆ ನನ್ನದು.
ಪೆಡಲು ತುಳಿದ ಲೆಕ್ಕ ಹಿಡಿದರೆ
ಕೊಳ್ಳೇಗಾಲಕ್ಕೆ ನಾಲ್ಕು ಸಲ ಹೋಗಿ ಬಂದಿರಬೇಕು,
ಕೂತ ಸ್ಟೂಲು ಕದಲಿಲ್ಲ.

ಡರ್ವ್ಲಾ ಬಂದಳು, ಹೆರಿಗೆ ವಾರ್ಡಿನ ನರ್ಸು.
ಆರಡಿ ಪತಾಕೆ, ಮೇಲೆ ಹಸಿರು, ಕೆಳಗೆ ಕೆಂಪು,
ನಡುವೆ ತನ್ನ ಸೀಮೆಯ ಹೆಸರು, ನಾಲ್ಕಕ್ಷರ, ಚೀಟಿಯಲ್ಲಿ.
ಕೂಡಿಸಿ ಓದಿದೆ: ಮೇಯೋ.
ನಗು ತಡೆಯಲಿಲ್ಲ.
ನಮ್ಮ ಕಡೆ, ಸಿಸ್ಟರ್, ಇದು ದನಕ್ಕೆ ಹೇಳೋ ಮಾತು,
ಮೇಯೋ ಹಸು, ಮೇಯೋ ಎಮ್ಮೆ.
ಕೆಲಸವಿಲ್ಲದ ತಮ್ಮನಿಗೆ ಅಣ್ಣನೂ ಹೇಳುತ್ತಾನೆ,
ಮೇಯೋದೊಂದೇ ಗೊತ್ತು ನಿನಗೆ.

ಅವಳು ನಗಲಿಲ್ಲ.
ನನ್ನ ಇಂಚುಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ,
ಸರಿಯಾಗೇ ಇದೆ ನಿಮ್ಮ ಅರ್ಥ, ಅಂದಳು.

ಆಲೂಗಡ್ಡೆ ಒಂದು ರಾತ್ರಿಯಲ್ಲಿ ಕಪ್ಪಾಯಿತಂತೆ,
ಅಗೆದರೆ ಅಂಗೈಗೆ ಕೀವು.
ಓಟ್ಸು, ಬೆಣ್ಣೆ ಮಾತ್ರ ಹಡಗು ಹತ್ತಿ
ಕಾವಲಿನ ಜೊತೆ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವಂತೆ.
ಗೇಣಿ ಕೊಡದವರ ಸೂರು ಕಿತ್ತು,
ಒಲೆಯಿದ್ದ ಜಾಗದಲ್ಲಿ ಹುಲ್ಲು ಬೆಳೆಸಿ, ದನ ಬಿಟ್ಟರಂತೆ.
ಮೇಯೋದಕ್ಕೆ ನೆಲವಿತ್ತು, ಉಣ್ಣೋದಕ್ಕಿರಲಿಲ್ಲ.
ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ಹೇಳಹೋದೆ,
ಬೇಲಿಗೆ ಇಂಗ್ಲಿಷು ಸಿಗಲಿಲ್ಲ,
ಗೋಡೆ ಅಂದೆ.
ನಮ್ಮಲ್ಲೂ ಗೋಡೆಯೇ, ಕಲ್ಲಿನದು, ಅಂದಳು.

ಅವಳ ಮುತ್ತಜ್ಜಿಯ ಅಜ್ಜಿಗೆ ಒಬ್ಬ ತಂಗಿ,
ಹದಿನಾರಕ್ಕೆ ನ್ಯೂಯಾರ್ಕಿನ ಹಡಗು.
ಹೊರಡುವ ಹಿಂದಿನ ರಾತ್ರಿ ಊರೆಲ್ಲ ಸೇರಿ
ಹೆಣ ಕಾಯುವ ಹಾಗೆ ಅವಳನ್ನು ಕಾಯಿತಂತೆ,
ಕುಡಿದು, ಕುಣಿದು, ಬೆಳಗಿಗೆ ಗೋಳೋ ಎಂದು.
ನನ್ನದು ಏರ್ಪೋರ್ಟಿನ ಗಾಜಿನಾಚೆ, ಒಂಬತ್ತು ನಿಮಿಷ.
ಟ್ಯಾಕ್ಸಿ ಕಾಯುತ್ತಿತ್ತು.

ಅಲ್ಲಿಯ ಬಾಗಿಲುಗಳಲ್ಲಿ ಬರೆದಿರುತ್ತಿತ್ತಂತೆ:
ಕೆಲಸವಿದೆ, ಐರಿಷರು ಕೇಳಬೇಡಿ.
ನಾನು ಎದುರು ಗೋಡೆ ತೋರಿಸಿದೆ:
ಬೆಡ್ ಸ್ಪೇಸ್, ಕೇರಳದವರಿಗೆ ಮಾತ್ರ.
ಅದರ ಕೆಳಗಿನ ಚೀಟಿ ಓದಿ ಹೇಳಲಿಲ್ಲ,
ಕರ್ನಾಟಕದವರಿಗೆ ಮಾತ್ರ,
ಅದರಲ್ಲಿರುವ ಫೋನ್ ನಂಬರು ನನ್ನದು.

ನಿಮ್ಮೂರಲ್ಲಿ ಮೆರವಣಿಗೆ ಜೋರೇನು, ಕೇಳಿದೆ.
ಊರಲ್ಲೆಲ್ಲಿತ್ತು?
ಅಜ್ಜಿಯ ಕಾಲಕ್ಕೆ ಅಂದು ಹೆಂಡದಂಗಡಿಗೂ ಬೀಗ,
ಕೋಟಿಗೊಂದು ಎಲೆ ಸಿಕ್ಕಿಸಿ ಇಗರ್ಜಿಗೆ ಹೋಗಿ
ಮನೆಗೆ ಬರುವುದು, ಅಷ್ಟೇ.
ಬೀದಿಗಿಳಿದವರು ಮೊದಲು ಬಿಟ್ಟುಹೋದವರು.
ಊರು ಆಮೇಲೆ ಅವರಿಂದ ಕಲಿಯಿತು.

ಸೂಜಿಗೆ ದಾರ ಏರಲಿಲ್ಲ ಆಗ.
ಕೊಳ್ಳೇಗಾಲದಲ್ಲಿ ನವೆಂಬರ್ ಒಂದೆಂದರೆ ನನಗೆ
ಸ್ಕೂಲಿಗೆ ರಜ, ಕೆರೆಯಲ್ಲಿ ಈಜು.
ಇಲ್ಲಿ ವರ್ಷಾ ನೂರನಲವತ್ತು ಶಾಲು ಹೊಲಿಯುತ್ತೇನೆ,
ಅರಿಶಿನ ಕುಂಕುಮದ ಬಣ್ಣ,
ಬಾಡಿಗೆ ಹಾಲಿನೊಳಗೆ ಒಂದು ಸುತ್ತು ಬರುವಾಗ
ಗಂಟಲು ಕಟ್ಟುತ್ತದೆ, ಯಾಕೋ.

ಹದಿನೇಳರಂದು ಕ್ಲಬ್ಬಿನ ಗೇಟಿನ ಹೊರಗೆ ನಿಂತು ನೋಡಿದೆ.
ರಸ್ತೆಗೆ ಪರವಾನಗಿ ಇಲ್ಲ, ಮೈದಾನಕ್ಕೆ ಮೂರು ಸುತ್ತು.
ಡೋಲು ಹೊಡೆದವನು ಫಿಲಿಪಿನೋ ಹುಡುಗ.
ಬಾಂಗ್ಲಾ ಕಾವಲುಗಾರ ನನಗೊಂದು ಖುರ್ಚಿ ಕೊಟ್ಟ.
ಪತಾಕೆ ಬಂತು. ಕೊನೆಯ ಅಕ್ಷರ ಸ್ವಲ್ಪ ಸಣ್ಣದಾಗಿತ್ತು,
ಕೆಂಪು, ನವೆಂಬರಿನಲ್ಲಿ ಉಳಿದ ತುಂಡು,
ಎರಡೂ ಯಾರಿಗೂ ತಿಳಿಯಲಿಲ್ಲ.

ಟ್ಯಾಂಕರಿನಲ್ಲಿ ನೀರು ತಂದು ಬೆಳೆಸಿದ ಹುಲ್ಲು,
ದ್ವೀಪಕ್ಕೇ ಅಷ್ಟು ಹಸಿರು ಇನ್ನೊಂದಿಲ್ಲ.
ಮೇಯಲು ಒಂದು ದನವಿಲ್ಲ.
ಮೇಯೋ ಮೇಯೋ ಎಂದು ಅದರ ಮೇಲೆ ಮನುಷ್ಯರು
ಕೈಬೀಸಿ ನಡೆಯುತ್ತಿದ್ದರು.
ಡರ್ವ್ಲಾ ನನ್ನನ್ನು ನೋಡಿ ಕೂಗಿದಳು.
ಎರಡು ದಿನಾರು ಬಾಕಿ ಇತ್ತು, ಕೇಳಲಿಲ್ಲ.